ಯೂನಾ ಹೇಳಿದ್ದೇನು?

ಜಪಾನಿನ ಫ್ಯಾಂಟಸಿ ಗೇಮುಗಳ ಹುಚ್ಚು ಇರೋರಿಗೆ ಒಂದು ಹಳೇ ಜಗಳ ಗೊತ್ತಿರುತ್ತೆ: ಅನುವಾದ ಮಾಡುವವನಿಗೆ ಎಷ್ಟು ಸ್ವಾತಂತ್ರ್ಯ ಇರಬೇಕು? 'ಟ್ರೇಲ್ಸ್ ಇನ್ ದ ಸ್ಕೈ' ನೋಡಿ. ಜಪಾನಿನಲ್ಲಿ ಬಂದಿದ್ದು 2004ರಲ್ಲಿ, ಇಂಗ್ಲಿಷಿಗೆ ಬಂದಿದ್ದು 2011ರಲ್ಲಿ, ಈಗ 2025ರಲ್ಲಿ ಹೊಸ ರೂಪದಲ್ಲಿ, ಬೇರೆ ತಂಡದ ಇಂಗ್ಲಿಷಿನಲ್ಲಿ ಮತ್ತೆ ಬಂದಿದೆ. 2011ರ ಅನುವಾದಕರು ಒಂದು ತಮಾಷೆ ಮಾಡಿದ್ದರು. ಆಗಲೇ ಖಾಲಿ ಮಾಡಿದ ಪೆಟ್ಟಿಗೆಯನ್ನು ಮತ್ತೆ ತೆರೆದರೆ ಒಂದೊಂದು ಜೋಕು ಬರೋದು. ಜಪಾನಿ ಮೂಲದಲ್ಲಿ ಆ ಜೋಕುಗಳಿಲ್ಲ. ಎಷ್ಟೋ ಆಟಗಾರರಿಗೆ ಅವೇ ಈಗ ಆಟದ ಅತಿ ಪ್ರೀತಿಯ ಭಾಗ.

ಪೆಟ್ಟಿಗೆಯ ಜೋಕಿನಿಂದ ಯಾರಿಗೂ ನಷ್ಟ ಇಲ್ಲ, ಬಿಡಿ. ನನ್ನನ್ನು ಕಾಡುವುದು ಇನ್ನೊಂದು ಆಟದ ಒಂದೇ ಒಂದು ಪದ.

2001ರ 'ಫೈನಲ್ ಫ್ಯಾಂಟಸಿ ಟೆನ್'. (ಕೊನೆ ಹೇಳಿಬಿಡ್ತೀನಿ. ಇಪ್ಪತ್ತು ವರ್ಷ ದಾಟಿದೆ, ಸ್ಪಾಯ್ಲರ್ ಅಂತ ಬೈಬೇಡಿ.) ಸ್ಪೈರಾ ಎಂಬ ಲೋಕ, ಊರೂರನ್ನೇ ನುಂಗುವ ಸಿನ್ ಎಂಬ ದೈತ್ಯ. ಅದನ್ನು ಅಡಗಿಸಲು ಯೂನಾ ಎಂಬ ಹುಡುಗಿ ಯಾತ್ರೆ ಹೊರಟಿದ್ದಾಳೆ. ಯಾತ್ರೆಯ ಕೊನೆಗೆ ಅವಳು ಸಾಯಲೇಬೇಕು, ಅದೂ ಸಿನ್ ಕಾಟ ಕೆಲವು ವರ್ಷದ ಮಟ್ಟಿಗೆ ತಪ್ಪಲಿ ಅಂತ. ಜೊತೆಗಿರುವ ಎಲ್ಲರಿಗೂ ಇದು ಗೊತ್ತು, ಟೀಡಸ್ ಎಂಬ ಹುಡುಗನಿಗೆ ಮಾತ್ರ ಗೊತ್ತಿಲ್ಲ. ಗೊತ್ತಾದ ಮೇಲೆ ಅವನು ಒಪ್ಪುವುದಿಲ್ಲ. ಹಟ ಹಿಡಿದು ಬೇರೆ ದಾರಿ ಹುಡುಕಿಸುತ್ತಾನೆ. ಯೂನಾ ಬದುಕುತ್ತಾಳೆ. ಆದರೆ ಟೀಡಸ್ ತಾನೇ ಯಾರೋ ಕಾಣುತ್ತಿರುವ ಕನಸು. ಸಿನ್ ಹೋದರೆ ಆ ಕನಸೂ ಮುಗಿಯುತ್ತೆ. ಅದು ಗೊತ್ತಿದ್ದೇ ಅವನು ಕೊನೆಯ ಯುದ್ಧಕ್ಕೆ ಹೋಗಿರ್ತಾನೆ.

ಹಾರುವ ಹಡಗಿನ ಮೇಲೆ ಅವನ ಮೈ ಕರಗ್ತಾ ಇದೆ. ಅಪ್ಪಿಕೊಳ್ಳಲು ಓಡಿ ಬಂದ ಯೂನಾ ಅವನ ಮೈಯೊಳಗಿಂದಲೇ ಹಾದು ನೆಲಕ್ಕೆ ಬೀಳ್ತಾಳೆ. ಎದ್ದು ನಿಂತು, ಅವನಿಗೆ ಬೆನ್ನು ಹಾಕಿಕೊಂಡೇ ಒಂದು ಮಾತು ಹೇಳ್ತಾಳೆ. ಜಪಾನಿಯಲ್ಲಿ ಅದು 'ಅರಿಗತೋ'. ಇಂಗ್ಲಿಷಿನಲ್ಲಿ 'ಐ ಲವ್ ಯು'.

ಅನುವಾದ ತಂಡದಲ್ಲಿದ್ದ ಅಲೆಕ್ಸಾಂಡರ್ ಓ. ಸ್ಮಿತ್ ಕಡಿಮೆ ಆಸಾಮಿ ಏನಲ್ಲ. ತಂಡದ ಕಷ್ಟವೂ ಸಣ್ಣದಲ್ಲ. ಆ ಸರಣಿಯ ಮುಖ್ಯ ಆಟಗಳಲ್ಲಿ ಪಾತ್ರಗಳಿಗೆ ದನಿ ಬಂದಿದ್ದು ಇದರಲ್ಲೇ ಮೊದಲು. ಜಪಾನಿ ಮಾತಿಗೆ ಎಷ್ಟು ಹೊತ್ತು ಹಿಡಿಯುತ್ತೋ ಇಂಗ್ಲಿಷ್ ಮಾತೂ ಅಷ್ಟರೊಳಗೇ ಮುಗಿಯಬೇಕಿತ್ತು. ನಾಯಕನಿಗೆ ನಾವೇ ಬೇರೆ ಹೆಸರಿಡಬಹುದು, ಹಾಗಾಗಿ ಯಾರೂ ಅವನ ಹೆಸರನ್ನು ಬಾಯಲ್ಲಿ ಕರೆಯುವ ಹಾಗಿಲ್ಲ. 'ಥ್ಯಾಂಕ್ಯೂ'ಗೆ ಹೆಸರು ಸೇರಿಸಿ ಸ್ವಲ್ಪ ತೂಕ ಕೊಡೋಣ ಅಂದ್ರೂ ದಾರಿ ಇಲ್ಲ. ಬರೀ 'ಥ್ಯಾಂಕ್ಯೂ' ಅಂದರೆ? ಅದು ಕಾಫಿ ತಂದಿಟ್ಟವರಿಗೆ ಹೇಳುವ ಮಾತು.

ಇದು ನಮಗೆ ಬೇಗ ಅರ್ಥ ಆಗುತ್ತೆ. ಕನ್ನಡದಲ್ಲಿ ಈ ಎರಡೂ ಮಾತು ನಮ್ಮ ಬಾಯಿಗೆ ಸಲೀಸಲ್ಲ. 'ಧನ್ಯವಾದಗಳು' ರೈಲ್ವೆ ಸ್ಟೇಷನ್ನಿನ ಮೈಕಿನದು, 'ಪ್ರೀತಿಸುತ್ತೇನೆ' ಡಬ್ಬಿಂಗ್ ಸೀರಿಯಲ್‌ನದು. ನಮ್ಮ ಸಿನಿಮಾ ಹೀರೋ ಕೂಡ ಆ ಹೊತ್ತಿಗೆ ಇಂಗ್ಲಿಷಿಗೇ ಜಾರ್ತಾನೆ. ನಮ್ಮಜ್ಜಿಗೆ ಯಾರಾದರೂ ನಿಜಕ್ಕೂ ಉಪಕಾರ ಮಾಡಿದರೆ 'ನಿನ್ನ ಹೊಟ್ಟೆ ತಣ್ಣಗಿರಲಿ' ಅನ್ನೋರು. ಅದನ್ನು ಇಂಗ್ಲಿಷಿಗೆ ತರುವವನು ಹೊಟ್ಟೆಯನ್ನು ಬಿಟ್ಟು ಏನನ್ನೋ ಆರಿಸಲೇಬೇಕು. ಹಾಗೆ ಆರಿಸಿದ್ದಕ್ಕೇ ಅವನನ್ನು ಮೋಸಗಾರ ಅನ್ನೋಕಾಗಲ್ಲ.

ಆದರೂ ನನಗೆ ಆ 'ಐ ಲವ್ ಯು' ಸಮಾಧಾನ ಕೊಟ್ಟಿಲ್ಲ. ಪ್ರೀತಿ ಸುಳ್ಳು ಅಂತಲ್ಲ. ಮಕಲಾನಿಯಾ ಕಾಡಿನ ಕೊಳದಲ್ಲಿ ಇಬ್ಬರೂ ಮುತ್ತಿಟ್ಟುಕೊಂಡಾಗಲೇ ಅದು ಇಬ್ಬರಿಗೂ ಗೊತ್ತಾಗಿತ್ತು. ಬಾಕಿ ಉಳಿದಿದ್ದು ಬೇರೆ. ತನ್ನ ಇರವನ್ನೇ ಕೊಟ್ಟು ಇವಳ ಪ್ರಾಣ ಉಳಿಸಿದವನು ಎದುರಿಗೇ ಕರಗಿಹೋಗ್ತಿದ್ದಾನೆ, ಆ ಋಣವನ್ನು ಒಪ್ಪಿಕೊಳ್ಳೋಕೆ ಇರುವುದು ಇದೊಂದೇ ಕ್ಷಣ. 'ಅರಿಗತೋ' ಅವನು ಮಾಡಿದ್ದರ ಬಗ್ಗೆ ಹೇಳುತ್ತೆ, 'ಐ ಲವ್ ಯು' ಅವಳಿಗೆ ಆಗುತ್ತಿರುವುದರ ಬಗ್ಗೆ. ಮಾತಿನ ಮುಖ ಅವನ ಕಡೆಯಿಂದ ಅವಳ ಕಡೆಗೆ ತಿರುಗಿಬಿಟ್ಟಿತು. ಅವಳು ಹೇಳದೆ ಇಟ್ಟುಕೊಂಡಿದ್ದನ್ನು ಬೇರೆ ಯಾರೋ ಅವಳ ಬಾಯಿಂದ ಹೇಳಿಸಿದರು.

ಇಂಗ್ಲಿಷಿನಲ್ಲಿ ಆಡಿದವರು ಅತ್ತಿಲ್ವಾ? ಅತ್ತರು, ನಾನೂ ಕಣ್ಣೊರೆಸಿಕೊಂಡೆ. ಆ ಅಳು ಸುಳ್ಳಲ್ಲ. ತೊಡಕು ಇರೋದು ಬೇರೆ ಕಡೆ: ಮೂಲ ಗೊತ್ತಿಲ್ಲದವನಿಗೆ ಏನೋ ಬದಲಾಗಿದೆ ಅಂತ ಅನುಮಾನವೂ ಬರಲ್ಲ. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವ ಮಕ್ಕಳು ನಮ್ಮಲ್ಲಿ ಎಷ್ಟು ಜನ ಇಲ್ಲ? 'ಸ್ವಲ್ಪ ದಿನ ಟ್ರೀಟ್‌ಮೆಂಟ್ ತಗೋಬೇಕಂತೆ ಅಮ್ಮ' ಅಂತೀವಿ. ಪ್ರೀತಿಯಿಂದಲೇ ಹೇಳೋದು, ಅನುಮಾನ ಇಲ್ಲ. ಅಮ್ಮ ನಮ್ಮನ್ನು ನಂಬಿ ತಲೆಯಾಡಿಸುತ್ತಾಳೆ. ಡಾಕ್ಟರ್ ಹೇಳಿದ ಆ ಪದ ಮಾತ್ರ ಅವಳಿಗೆ ತಲುಪೋದೇ ಇಲ್ಲ. ಪದ ಬದಲಿಸುವ ಹಕ್ಕು ಅನುವಾದಕನಿಗೆ ಇರಲಿ, ಅದಿಲ್ಲದೆ ಕೆಲಸವೇ ನಡೆಯಲ್ಲ. ಆದರೆ ಆ ಮಾತು ಯಾರ ಕುರಿತದ್ದು ಅನ್ನೋದನ್ನು ಬದಲಿಸುವ ಹಕ್ಕನ್ನು ನಾನು ಕೊಡಲಾರೆ.

ಹಾಗಾದರೆ ಕನ್ನಡದಲ್ಲಿ ನೀನೇನು ಬರೀತೀಯಾ ಅಂತ ಫ್ರೆಂಡ್ ಒಬ್ಬಳು ಕೇಳಿದಳು. 'ನಿನ್ನಿಂದ ಇದ್ದೀನಿ' ಅಂದೆ. ಆ ಹೊತ್ತಿನೊಳಗೆ ಮುಗಿಯುತ್ತೆ, ಋಣವೂ ಉಳಿಯುತ್ತೆ. 'ಸಿನಿಮಾ ಡೈಲಾಗ್ ಥರ ಇದೆ' ಅಂತ ನಕ್ಕಳು. ಅವಳ ಆಯ್ಕೆ 'ಹೋಗಿ ಬಾ'. ಒಪ್ಪಬೇಕು, ಕೇಳಿದ ತಕ್ಷಣ ನನ್ನ ಗಂಟಲು ಕಟ್ಟಿತು. ಹೋಗೋರಿಗೆ ನಾವು 'ಹೋಗು' ಅಂತ ಎಂದೂ ಹೇಳೋರಲ್ಲ. ಆದರೆ ಹೆಸರುಗಳೆಲ್ಲ ಉರುಳಿ ಮುಗಿದ ಮೇಲೆ ಆ ಆಟದಲ್ಲಿ ಇನ್ನೊಂದು ಪುಟ್ಟ ದೃಶ್ಯ ಇದೆ. ನೀರಿನಡಿ ಮುದುಡಿಕೊಂಡಿದ್ದ ಟೀಡಸ್ ಎಚ್ಚತ್ತು ಮೇಲಕ್ಕೆ ಈಜುತ್ತಾನೆ. ಎಲ್ಲಿಗೆ, ಯಾವಾಗ, ಆಟ ಹೇಳಲ್ಲ. ಅವನು ಬರಬಹುದು ಅಂತ ಬೆನ್ನು ಹಾಕಿ ನಿಂತ ಯೂನಾಗೆ ಇನ್ನೂ ಗೊತ್ತಿಲ್ಲ.