ಬಿಕರಿಯಾಗದ ಜೀವದ ಋಣ

2022ರ ಜನವರಿಯಲ್ಲಿ ಹಾಂಗ್‌ಕಾಂಗ್‌ನ ಸಾಕುಪ್ರಾಣಿ ಅಂಗಡಿಯೊಂದರ ಕೆಲಸಗಾರರೊಬ್ಬರಿಗೆ ಕೋವಿಡ್ ತಗಲಿತು. ಅಲ್ಲಿದ್ದ ಇಲಿಜಾತಿಯ ಕೆಲವು ಹ್ಯಾಮ್‌ಸ್ಟರ್‌ಗಳಲ್ಲೂ ವೈರಾಣು ಸಿಕ್ಕಿತು. ಸರ್ಕಾರ ಸುಮಾರು 2,000 ಪುಟ್ಟ ಪ್ರಾಣಿಗಳನ್ನು ಕೊಲ್ಲಿಸಲು ಆದೇಶಿಸಿತು. ಹಿಂದಿನ ಡಿಸೆಂಬರ್ 22ರ ನಂತರ ಹ್ಯಾಮ್‌ಸ್ಟರ್ ಕೊಂಡವರೂ ಅವನ್ನು ತಂದೊಪ್ಪಿಸಬೇಕೆಂದಿತು. ಹೆದರಿದ ಕೆಲವರು ತಮ್ಮ ಹ್ಯಾಮ್‌ಸ್ಟರ್‌ಗಳನ್ನು ಹೊರಗೆ ಬಿಟ್ಟು ಹೋದರು. ಅಂಥವನ್ನು ಮನೆಗೆ ಒಯ್ಯಲು ಸಾವಿರಾರು ಮಂದಿ ಮುಂದೆ ಬಂದರು.

ಅಂಗೈಯಲ್ಲಿ ಹಿಡಿಸುವ ಈ ಜೀವಕ್ಕೆ ನಾವು ಏನಾದರೂ ಬಾಕಿ ಇದ್ದೇವೆಯೇ?

ದುಡಿದ ಪ್ರಾಣಿಯ ವಿಷಯದಲ್ಲಿ ಉತ್ತರ ಹಳೆಯದು. ಅಥೆನ್ಸಿನ ಪಾರ್ಥೆನಾನ್ ಗುಡಿಗೆ ಕಲ್ಲು ಸಾಗಿಸಿದ ಹೇಸರಗತ್ತೆಗಳನ್ನು ಜನ ಬಿಡುಗಡೆ ಮಾಡಿದರೆಂದೂ, ಅವುಗಳಲ್ಲಿ ಒಂದಕ್ಕೆ ಸಾಯುವ ತನಕ ಊರಿನ ಖರ್ಚಿನಲ್ಲೇ ಮೇವು ಹಾಕಿದರೆಂದೂ ಪ್ರಾಚೀನ ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆದಿದ್ದಾನೆ. ನಿಷ್ಠೆಯಿಂದ ದುಡಿದು ಮುದಿಯಾದ ನಾಯಿಯನ್ನು ಯಜಮಾನ ಕೊನೆಯವರೆಗೆ ಸಾಕಬೇಕೆಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ ಕೂಡ ಹೇಳಿದ. ಎರಡೂ ಕಡೆ ವಾದ ಒಂದೇ: ದುಡಿಮೆ ಪಡೆದವರು ಋಣ ತೀರಿಸಬೇಕು.

ಹ್ಯಾಮ್‌ಸ್ಟರ್ ಗಾಡಿ ಎಳೆದಿಲ್ಲ, ಮನೆ ಕಾದಿಲ್ಲ. ಅಂಗಡಿಯಲ್ಲೇ ಬೆಳೆದು, ಮರಿಯ ಮುದ್ದು ಮುಗಿದು, ಯಾರೂ ಕೊಳ್ಳದೆ ಉಳಿದ ಜರ್ಬಿಲ್ ಎಂಬ ಇನ್ನೊಂದು ಇಲಿಜಾತಿಯ ಜೀವವೂ ಯಾರಿಗೂ ಏನೂ ಮಾಡಿಲ್ಲ. ಹಾಗಾದರೆ ಋಣ ಎಲ್ಲಿಂದ ಬಂತು?

ಅವು ಹುಟ್ಟಿದ ಬಗೆಯಿಂದ. 1930ರಲ್ಲಿ ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿ ಸಿರಿಯಾದ ಅಲೆಪ್ಪೊ ಬಳಿ ಹೊಲ ಅಗೆಸಿ, ಒಂದು ತಾಯಿ ಹ್ಯಾಮ್‌ಸ್ಟರನ್ನೂ ಅದರ ಮರಿಗಳನ್ನೂ ಹಿಡಿದು, ಮರಿಗಳನ್ನು ಜೆರುಸಲೇಮಿಗೆ ತಂದ. ಪ್ರಯೋಗಾಲಯಕ್ಕೆಂದು ತಂದವುಗಳಲ್ಲಿ ಬದುಕುಳಿದ ಕೆಲವೇ ಮರಿಗಳ ಸಂತಾನವೇ ಇಂದು ಲೋಕದ ಮನೆಮನೆಗಳಲ್ಲಿರುವ ಹೆಚ್ಚಿನ ಸಿರಿಯನ್ ಹ್ಯಾಮ್‌ಸ್ಟರ್‌ಗಳು. ಜರ್ಬಿಲ್‌ನ ಕಥೆಯೂ ಹೀಗೆಯೇ: 1935ರಲ್ಲಿ ಅಮೂರ್ ನದಿಯ ಸೀಮೆಯಲ್ಲಿ ಹಿಡಿದವು ಮೊದಲು ಜಪಾನಿನ ಪ್ರಯೋಗಾಲಯಕ್ಕೆ, 1954ರಲ್ಲಿ ಅಲ್ಲಿಂದ ಅಮೆರಿಕಕ್ಕೆ ಹೋದವು. ಬೋನಿನಲ್ಲಿ ಹುಟ್ಟಿದ ಮರಿಗೆ ಹಿಂದಿರುಗಲು ಕಾಡಿಲ್ಲ. ಗಂಡುಹೆಣ್ಣನ್ನು ಜೊತೆಗಿಟ್ಟು ಮರಿ ಮಾಡಿಸಿದ ಕೈಗೇ ಅದರ ಮುಂದಿನ ದಿನಗಳ ಹೊಣೆಯೂ ಅಂಟಿಕೊಳ್ಳುತ್ತದೆ.

ಜೈನ ಗ್ರಂಥ ತತ್ತ್ವಾರ್ಥಸೂತ್ರ ಗೃಹಸ್ಥರ ಅಹಿಂಸಾವ್ರತಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತ ಕೆಡಿಸುವ ತಪ್ಪುಗಳನ್ನು, ಎಣಿಸುತ್ತದೆ. ಹೊಡೆಯುವುದು, ಅಂಗ ಕತ್ತರಿಸುವುದು, ಹೊರಲಾರದಷ್ಟು ಹೊರೆ ಹೇರುವುದರ ಜೊತೆಗೆ ಕಟ್ಟಿಹಾಕುವುದು ಮತ್ತು ಅನ್ನನೀರು ತಡೆಯುವುದೂ ಆ ಪಟ್ಟಿಯಲ್ಲಿವೆ. ದುಡಿದ ಪ್ರಾಣಿ, ದುಡಿಯದ ಪ್ರಾಣಿ ಎಂಬ ಭೇದ ಅಲ್ಲಿಲ್ಲ. ಬೋನಿನ ಬಾಗಿಲು ಹಾಕಿದವರಿಗೆ ಈ ಮಾತು ನೇರವಾಗಿ ತಾಗುತ್ತದೆ. ಭಾರತದಲ್ಲಿ 2018ರ ಸಾಕುಪ್ರಾಣಿ ಅಂಗಡಿ ನಿಯಮಗಳೂ ನಾಯಿ, ಬೆಕ್ಕು, ಮೊಲಗಳ ಸಾಲಿನಲ್ಲಿ ಹ್ಯಾಮ್‌ಸ್ಟರನ್ನು ಹೆಸರಿಸಿವೆ.

ಹೊಣೆ ಒಪ್ಪಿಕೊಂಡು, ಮಾರಾಟವಾಗದ ಪ್ರಾಣಿಗೆ ಮನೆ ಹುಡುಕಹೊರಟವರಿಗೆ ಮುಂದಿನ ಕಷ್ಟ ಎದುರಾಗುತ್ತದೆ. 'ಉಚಿತವಾಗಿ ಕೊಡುತ್ತೇವೆ' ಎಂದರೆ ಸಾಕಿದ ಹಾವಿಗೆ ಆಹಾರ ಹುಡುಕುವವರೂ ಬಂದಾರು. ಹಾವಿನ ಹಸಿವು ಸುಳ್ಳಲ್ಲ. ಶಿಬಿ ರಾಜನ ಕಥೆಯಲ್ಲೂ ಗಿಡುಗ ತನ್ನ ಹಸಿವನ್ನೇ ಮುಂದಿಟ್ಟಿತು. ಆದರೆ ಪಾರಿವಾಳಕ್ಕೆ ಆಸರೆ ಕೊಟ್ಟ ರಾಜ ತಕ್ಕಡಿಗೆ ತನ್ನ ಮಾಂಸವನ್ನೇ ಇಟ್ಟ. ಆಸರೆ ಕೊಟ್ಟವನೇ ಅದರ ಬೆಲೆ ತೆರಬೇಕೆಂಬುದು ಆ ಕಥೆಯ ತಿರುಳು. ಇಲ್ಲಿ ಆ ಬೆಲೆ ಬಹಳ ಚಿಕ್ಕದು: ಒಂದಿಷ್ಟು ದಿನ ಕಾಯುವ ತಾಳ್ಮೆ, ಕಾಳಿನ ಖರ್ಚು, ಕೇಳಲು ಮುಜುಗರವೆನಿಸುವ ನಾಲ್ಕು ಪ್ರಶ್ನೆ.

ಆ ಪ್ರಶ್ನೆಗಳು ಪ್ರಾಣಿಯ ಸ್ವಭಾವದಿಂದಲೇ ಹುಟ್ಟಬೇಕು. ಸಿರಿಯನ್ ಹ್ಯಾಮ್‌ಸ್ಟರ್ ಒಂಟಿ ಜೀವ. ಬೆಳೆದ ಎರಡನ್ನು ಒಂದೇ ಬೋನಿಗೆ ಹಾಕಿದರೆ ಕಚ್ಚಾಡಿ ಸಾಯಬಹುದು. ಜರ್ಬಿಲ್‌ಗೆ ಜೊತೆ ಬೇಕು; ಕೂಡಿ ಬೆಳೆದ ಅಕ್ಕತಂಗಿಯರನ್ನು ಬೇರೆ ಬೇರೆ ಮನೆಗೆ ಹಂಚಬಾರದು. ಹ್ಯಾಮ್‌ಸ್ಟರ್ ಹಗಲು ಮಲಗಿ ಇರುಳು ಓಡಾಡುತ್ತದೆ. ಮಧ್ಯಾಹ್ನ ಎಬ್ಬಿಸಿ ಆಡಿಸಬಯಸುವ ಮಗುವಿನ ಮನೆ ಅದಕ್ಕೆ ಹಿತವಲ್ಲ. ಎರಡಕ್ಕೂ ಕೊರೆಯಲು ಆಳವಾದ ಹಾಸು ಬೇಕು.

ವರ್ಷ ದಾಟಿದ ಹೆಣ್ಣು ಹ್ಯಾಮ್‌ಸ್ಟರ್ ಮರಿ ಹಾಕುವುದು ಕಡಿಮೆಯಾಗುತ್ತದೆ. ಅದರ ಆಯುಸ್ಸು ಎರಡು ಎರಡೂವರೆ ವರ್ಷ; ಅಂದರೆ ಬದುಕಿನ ಅರ್ಧ ಇನ್ನೂ ಬಾಕಿ. ತಿಳಿದವರು ಅದನ್ನು ಕೊಡುವಾಗ ಹಳೆಯ ಹಾಸಿನ ಒಂದು ಹಿಡಿಯನ್ನೂ ಜೊತೆಗೆ ಕಳಿಸುತ್ತಾರೆ. ಹೊಸ ಮನೆಯ ಮೊದಲ ಹಗಲು ಅದು ತನ್ನದೇ ವಾಸನೆಯನ್ನು ಮೂಸಿ, ಅದರಡಿ ಹೊಕ್ಕು ಮಲಗುತ್ತದೆ.