ಆ ಬೆಳಗಿನ ಬೆಲೆ ತೆತ್ತವರು ಯಾರು?

‘ನನ್ನ ಜೀವ, ನನ್ನ ಇಷ್ಟ. ಅಪಾಯವಾದರೆ ನನಗೆ ತಾನೇ?’ ಸಾಹಸಕ್ಕೆ ಹೊರಟವರ ಬಾಯಲ್ಲಿ ಈ ಮಾತನ್ನು ನಾವು ಆಗಾಗ ಕೇಳುತ್ತೇವೆ. ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸುವ ಯುವಕನೂ ಇದನ್ನೇ ಹೇಳುತ್ತಾನೆ. ಮೇಲುನೋಟಕ್ಕೆ ಮಾತು ನ್ಯಾಯವಾಗಿಯೇ ಕಾಣುತ್ತದೆ. ನಾವೂ ಒಮ್ಮೆ ಹಾಗೆಯೇ ಅಂದುಕೊಂಡು ಕಡಲಿಗೆ ಇಳಿದಿದ್ದೆವು.

ಉಡುಪಿ ಜಿಲ್ಲೆಯ ಒಂದು ಪುಟ್ಟ ತೀರ. ಡಿಸೆಂಬರ್ ತಿಂಗಳ ನಸುಕು. ನಾವು ಮೂವರು ಗೆಳೆಯರು, ಮೂರು ಕಯಾಕ್‌ಗಳು. ಹೊಳೆಯ ಹಿನ್ನೀರಿನಲ್ಲಿ ನಾಲ್ಕಾರು ಸಲ ಹುಟ್ಟು ಹಾಕಿದ್ದೇ ನಮ್ಮ ವಿದ್ಯೆ. ತೆರೆ ದಾಟಿ ಹೋಗಿ, ಗಾಳ ಹಾಕಿ, ಒಂದೆರಡು ಡಜನ್ ಬಂಗುಡೆಯೊಂದಿಗೆ ಮರಳುವುದು ನಮ್ಮ ಆಸೆ. ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, ‘ಹೋಗುದೇನೋ ಹೋಗ್ತೀರಿ, ಬರುದು ಹೇಗೆ ಮಾರಾಯ್ರೆ?’ ಎಂದರು. ನಾವು ನಕ್ಕು ಮುಂದೆ ಹೋದೆವು.

ಅವರ ಪ್ರಶ್ನೆಯಲ್ಲಿ ಕಡಲಿನ ಪಾಠವೇ ಇತ್ತು. ರಾತ್ರಿ ನೆಲ ಬೇಗ ತಣಿಯುತ್ತದೆ, ನೀರು ತಡವಾಗಿ. ಆದ್ದರಿಂದ ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹೋಗುವವನ ಬೆನ್ನಿಗೆ ಅದು ಗೆಳೆಯ. ಮರಳುವವನ ಎದೆಗೆ ಅದೇ ಗೋಡೆ. ನಮ್ಮ ತೋಳಿನ ಬಲವೆಂದು ನಾವು ಬೀಗಿದ್ದು ಗಾಳಿಯ ಬಲವಾಗಿತ್ತು. ತಿರುಗಿ ನೋಡಿದಾಗ ದಡದ ತೆಂಗಿನ ಮರಗಳು ಗೆರೆಯಂತಾಗಿದ್ದವು. ತಿರುಗುವ ಗಡಿಬಿಡಿಯಲ್ಲಿ ಒಬ್ಬ ಗೆಳೆಯನ ಕಯಾಕ್ ಮಗುಚಿತು. ಜಾಕೆಟ್ ಇದ್ದುದರಿಂದ ಅವನು ತೇಲಿದ. ಆದರೆ ಎಷ್ಟು ಪ್ರಯತ್ನಿಸಿದರೂ ಮತ್ತೆ ಹತ್ತಲಾಗಲಿಲ್ಲ. ನಾವಿಬ್ಬರು ಅವನನ್ನು ಹಿಡಿದುಕೊಂಡಷ್ಟೂ ಮೂವರೂ ಇನ್ನಷ್ಟು ದೂರ ಸರಿಯುತ್ತಿದ್ದೆವು.

ಕೊನೆಗೆ ಒಂದು ನಾಡದೋಣಿಯವರು ನಮ್ಮನ್ನು ಕಂಡರು. ಹಾಕಿದ್ದ ಬಲೆಯನ್ನು ಹಾಗೆಯೇ ಬಿಟ್ಟು ಬಂದು ದಡ ಸೇರಿಸಿದರು. ಅವರ ಎಂಜಿನ್ನಿನ ಎಣ್ಣೆ, ಅವರ ಬೆಳಗು, ಅವರ ಆ ದಿನದ ಮೀನು ಎಲ್ಲವೂ ನಮಗಾಗಿ ಖರ್ಚಾಯಿತು. ಹಣ ಕೊಡಹೋದರೆ, ‘ಇದಕ್ಕೆ ದುಡ್ಡು ತಕೊಳ್ಳುವ ಕ್ರಮ ಇಲ್ಲ. ನಾಳೆ ನಮ್ಮವರೇ ಇರಬಹುದು’ ಎಂದು ಮತ್ತೆ ದೋಣಿ ತಿರುಗಿಸಿದರು.

ಜಾನ್ ಸ್ಟುವರ್ಟ್ ಮಿಲ್ 1859ರಲ್ಲಿ ಸ್ವಾತಂತ್ರ್ಯದ ಕುರಿತು ಬರೆದಾಗ ಒಂದು ಉದಾಹರಣೆ ಕೊಟ್ಟಿದ್ದ. ಕುಸಿಯಲಿರುವ ಸೇತುವೆಯನ್ನು ಅರಿಯದೆ ದಾಟಹೊರಟವನನ್ನು ಹಿಡಿದು ನಿಲ್ಲಿಸಬಹುದು. ಆದರೆ ಅಪಾಯ ಖಚಿತವಲ್ಲದೆ ಬರೀ ಸಾಧ್ಯತೆಯಾಗಿದ್ದರೆ ಎಚ್ಚರಿಸಬಹುದೇ ಹೊರತು ತಡೆಯಬಾರದು. ಆ ಹಿರಿಯರು ಮಾಡಿದ್ದೂ ಅದನ್ನೇ, ಎಚ್ಚರಿಸಿ ಸುಮ್ಮನಾದರು. ಆದರೆ ಸೇತುವೆಯಿಂದ ಬಿದ್ದವನನ್ನು ಎತ್ತಲು ಹೊಳೆಗೆ ಹಾರುವವನ ಲೆಕ್ಕ ಎಲ್ಲಿಗೆ ಸೇರಬೇಕು?

ಕಡಲಿನಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣ. ಅಲ್ಲಿ ಮುಳುಗುವವನನ್ನು ಬಿಟ್ಟು ಹೋಗುವ ಆಯ್ಕೆಯೇ ಇಲ್ಲ. ವಿಶ್ವಸಂಸ್ಥೆಯ 1982ರ ಸಮುದ್ರ ಕಾನೂನು ಒಪ್ಪಂದದ 98ನೇ ವಿಧಿ, ಕಡಲಿನಲ್ಲಿ ಅಪಾಯಕ್ಕೆ ಸಿಲುಕಿದವರಿಗೆ ನೆರವಾಗಬೇಕೆಂದು ಹೇಳುತ್ತದೆ. ಅದು ಬರೆಯಲ್ಪಡುವ ಮೊದಲೇ ನಮ್ಮ ಕರಾವಳಿಯವರು ಅದನ್ನು ಪಾಲಿಸುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿದಾಗ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿಕೊಂಡು ಒಳನಾಡಿಗೆ ಧಾವಿಸಿದರು. ಸರಕಾರ ದಿನಕ್ಕೆ 3000 ರೂಪಾಯಿ ಕೊಡುತ್ತೇನೆಂದಾಗ, ಜೀವ ಉಳಿಸಿದ್ದಕ್ಕೆ ಹಣ ಬೇಡ ಎಂದವರೂ ಅವರಲ್ಲಿದ್ದರು. ಮುಳುಗುವವನು ಯಾರು, ತಪ್ಪು ಯಾರದು ಎಂದು ಅವರು ಕೇಳುವುದಿಲ್ಲ. ಅವರು ಕೇಳುವುದಿಲ್ಲ ಎಂಬ ಕಾರಣಕ್ಕೇ ಆ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ.

ಹಾಗಾದರೆ ಯಾರೂ ಮನೆಯಿಂದ ಹೊರಡಲೇಬಾರದೇ? ಅಪಾಯವಿಲ್ಲದ ಬದುಕು ಎಲ್ಲಿದೆ? ನಮ್ಮನ್ನು ಉಳಿಸಿದವರೂ ದಿನವೂ ಅಪಾಯಕ್ಕೇ ಇಳಿಯುವವರು. ಹೊಟ್ಟೆಪಾಡಿನ ಅಪಾಯ ಮಾತ್ರ ಸರಿ, ಸಂತೋಷದ ಅಪಾಯ ತಪ್ಪು ಎಂದು ನಾವು ಹೇಳಲಾರೆವು. ಮನುಷ್ಯನಿಗೆ ಕಡಲಿನ ಬೆರಗೂ ಬೇಕು. ವ್ಯತ್ಯಾಸವಿರುವುದು ಸಿದ್ಧತೆಯಲ್ಲಿ. ಕಯಾಕ್ ಮೂಲತಃ ಉತ್ತರ ಧ್ರುವದಂಚಿನ ಜನರ ಬೇಟೆಯ ದೋಣಿ. ಸೀಲ್ ಚರ್ಮ ಹೊದಿಸಿದ ಆ ದೋಣಿ ಮಗುಚಿದರೆ ಕುಳಿತಲ್ಲಿಂದಲೇ ನೀರೊಳಗೆ ತಿರುಗಿ ಮೇಲೇಳುವ ವಿದ್ಯೆಯನ್ನು ಗ್ರೀನ್‌ಲ್ಯಾಂಡಿನ ಬೇಟೆಗಾರರು ಕಲಿಯುತ್ತಿದ್ದರು. ಬೀಳುವುದು ಅವರ ಲೆಕ್ಕದಲ್ಲಿತ್ತು. ನಮ್ಮ ಲೆಕ್ಕದಲ್ಲಿ ಬಂಗುಡೆ ಮಾತ್ರ ಇತ್ತು.

ನಮ್ಮನ್ನು ಉಳಿಸಲು ಯಾರೋ ಒಬ್ಬರು ಬಂದೇ ಬರುತ್ತಾರೆ ಎಂಬ ಭರವಸೆ ಒಂದು ಸಮಾಜದ ದೊಡ್ಡ ಸಂಪತ್ತು. ಅದನ್ನು ಉಡಾಫೆಯಿಂದ ಖರ್ಚು ಮಾಡುವವನು ಇನ್ನೊಬ್ಬರ ಹಣವನ್ನು ಪೋಲು ಮಾಡುವವನಿಗೆ ಸಮಾನ. ಹಾಗಾಗಿ ಮಗುಚಿದ ದೋಣಿಗೆ ಮತ್ತೆ ಹತ್ತಲು ಕಲಿಯುವುದು, ಮರಳುವ ಹೊತ್ತನ್ನು ಮನೆಯಲ್ಲಿ ಹೇಳಿ ಹೋಗುವುದು, ಕರಾವಳಿ ಕಾವಲು ಪಡೆಯ 1554 ಸಂಖ್ಯೆಯನ್ನು ಬಲ್ಲವರಾಗಿರುವುದು ಅಂಜುಬುರುಕತನವಲ್ಲ. ಕಾಣದ ನೆರವುಗಾರನಿಗೆ ನಾವು ಮುಂಗಡವಾಗಿ ಸಲ್ಲಿಸುವ ಗೌರವ ಅದು.

ಮರುವರ್ಷ ಅದೇ ತೀರಕ್ಕೆ ಮತ್ತೆ ಹೋದೆವು. ಈ ಬಾರಿ ಒಂದು ತಿಂಗಳು ಅಭ್ಯಾಸ ಮಾಡಿದ್ದೆವು. ಅದೇ ಹಿರಿಯರ ಬಳಿ ಕುಳಿತು, ‘ಇವತ್ತು ಹೋಗಬಹುದಾ?’ ಎಂದು ಕೇಳಿದೆವು. ಅವರು ಗಾಳಿಗೆ ಮುಖವೊಡ್ಡಿ ಸ್ವಲ್ಪ ಹೊತ್ತು ನಿಂತು, ‘ಇವತ್ತು ಬೇಡ’ ಎಂದರು. ಕಯಾಕ್‌ಗಳನ್ನು ಮತ್ತೆ ಗಾಡಿಗೆ ಕಟ್ಟಿ, ಅವರೊಂದಿಗೆ ಚಹಾ ಕುಡಿದು ಹಿಂದಿರುಗಿದೆವು. ಆ ದಿನ ನಮ್ಮಿಂದಾಗಿ ಯಾರೂ ಬಲೆ ಬಿಟ್ಟು ಬರಬೇಕಾಗಲಿಲ್ಲ.