ಕುಲಾವಿಗೂ ಮೊದಲು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ನಗುವ ಜನ ನಾವು. ಹುಟ್ಟಿಸಿದ ದೇವರು ಹುಲ್ಲು ಮೇಯಿಸುತ್ತಾನೆಯೇ ಎನ್ನುವವರೂ ನಾವೇ. ಹಾಗಾಗಿ ಬಸುರಿಯ ಮನೆಯಲ್ಲಿ ಲೆಕ್ಕದ ಪುಸ್ತಕ ತೆರೆದರೆ ಹಿರಿಯರಿಗೆ ಅಪಶಕುನವೆನಿಸುತ್ತದೆ. ಆದರೆ ಮುಂದಾಲೋಚನೆ ದೇವರ ಮೇಲಿನ ಅಪನಂಬಿಕೆಯೇ? ಸಾಸಿವೆ ಡಬ್ಬಿಯಲ್ಲಿ ನೋಟು ಮಡಿಸಿಟ್ಟ ನಮ್ಮ ಅಜ್ಜಿಯರು ದೇವರಿಗೆ ದೀಪವನ್ನೂ ಹಚ್ಚುತ್ತಿದ್ದರು.

ನನ್ನ ತಕರಾರು ಬೇರೆ. ಉಳಿತಾಯವೇನೋ ಸರಿ, ಅದನ್ನು ಯಾರ ಬಾಯಿಂದ ಉಳಿಸುತ್ತೇವೆ? ಸೀಮಂತದ ಹಸಿರು ರೇಷ್ಮೆ ಸೀರೆ, ಛತ್ರದ ಊಟ, ನಾಮಕರಣದ ತೊಟ್ಟಿಲಿಗೆ ಸಾಲವಾದರೂ ಹುಟ್ಟುತ್ತದೆ. ಕತ್ತರಿ ಬೀಳುವುದು ಬಸುರಿಯ ಲೋಟದ ಹಾಲಿಗೆ, ಸೊಪ್ಪಿಗೆ, ಹಣ್ಣಿಗೆ. ಬಾಣಂತನದ ಖರ್ಚು ತವರಿನದು ಎಂದು ಗಂಡನ ಮನೆಯವರು ಆ ಪುಟವನ್ನೇ ಬಿಟ್ಟುಬಿಡುವುದೂ ಉಂಟು.

ಕಾನೂನಿನಲ್ಲಿ ಹೆರಿಗೆ ರಜೆ 2017ರಲ್ಲಿ 12 ವಾರದಿಂದ 26 ವಾರಕ್ಕೆ ಏರಿತು. ಅದು ಸಂಬಳದ ಪಟ್ಟಿಯಲ್ಲಿ ಹೆಸರಿದ್ದವರಿಗೆ. ನಮ್ಮ ಮನೆಯ ಪಾತ್ರೆ ತೊಳೆಯುವಾಕೆಗೆ ರಜೆ ಎಂದರೆ ಕೂಲಿ ಇಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5000 ರೂಪಾಯಿ ಉಂಟು. ಅಂಗನವಾಡಿಯಲ್ಲಿ ವಿಚಾರಿಸಿ ಹೆಸರು ಬರೆಸಬೇಕು. ಇದನ್ನು ಅವಳಿಗೆ ತಿಳಿಸುವುದು, ಒಂದೆರಡು ತಿಂಗಳ ಸಂಬಳ ಕೊಟ್ಟೇ ಕಳಿಸುವುದು ನಮ್ಮ ಬಜೆಟ್ಟಿನಲ್ಲೂ ಇರಬೇಕಾದ ಸಾಲು.

ಲೆಕ್ಕ ಬರೆಯೋಣ, ಗಂಡನನ್ನೂ ಪಕ್ಕದಲ್ಲಿ ಕೂರಿಸಿಕೊಂಡು. ಮೊದಲ ಸಾಲಿನಲ್ಲಿ ತಾಯಿಯ ಊಟ. ಎರಡನೆಯದರಲ್ಲಿ ತಪಾಸಣೆ, ಹೆರಿಗೆ, ಆಪರೇಷನ್ನೇ ಆದರೆ ಅದಕ್ಕೊಂದಿಷ್ಟು. ಮೂರನೆಯದರಲ್ಲಿ ಆಕೆ ದುಡಿಯಲಾಗದ ತಿಂಗಳುಗಳ ಮನೆಖರ್ಚು. ಮಿಕ್ಕಿದ್ದರಲ್ಲಿ ಸೀಮಂತ. ಕುಲಾವಿಯನ್ನು ಹಳೆಯ ಸೀರೆಯಲ್ಲೂ ಹೊಲಿಯಬಹುದು.